ಸಹಜ ನೀಲಿ ಬಣ್ಣಗಾರಿಕೆ: ಬಂಡವಾಳ ಹೂಡುವ ಮುನ್ನ

1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಸಂಸ್ಥೆಯು ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದ ಬಳಿಕ ಭಾರತದ ನೀಲಿ ಬೇಸಾಯವು ಕೆಲವೇ ದಶಕಗಳಲ್ಲಿ ಕುಸಿಯಿತು. ತಮಿಳುನಾಡು ಹಾಗೂ ಆಂಧ್ರಪ್ರದೇಶದ ಕೆಲವು ಭಾಗಗಳಲ್ಲಿ ಅದು ಇಂದಿಗೂ ಉಳಿದಿದೆ. ಸಸ್ಯಜನ್ಯ ಬಣ್ಣದ ಬಟ್ಟೆಗಳಿಗೆ ಬೇಡಿಕೆ ಇರುವುದರಿಂದ ಸಣ್ಣ ಉದ್ದಿಮೆದಾರರು ಈ ಕಸುಬಿನತ್ತ ಮತ್ತೆ ಗಮನ ಹರಿಸುತ್ತಿದ್ದಾರೆ.

ನೀಲಿ ಗಿಡದ ಎಲೆಯಲ್ಲಿರುವುದು ಇಂಡಿಕಾನ್ ಎಂಬ ಬಣ್ಣವಿಲ್ಲದ ದ್ರವ್ಯ. ಕೊಯ್ದ ಸೊಪ್ಪನ್ನು ತೊಟ್ಟಿಯ ನೀರಿನಲ್ಲಿ ಸುಮಾರು ಒಂದು ರಾತ್ರಿ ನೆನೆಹಾಕಿ, ಆ ನೀರನ್ನು ಗಾಳಿ ಬೆರೆಯುವಂತೆ ಕಡೆದಾಗ ನೀಲಿ ಗಸಿ ತಳದಲ್ಲಿ ನಿಲ್ಲುತ್ತದೆ. ಅದನ್ನು ಕುದಿಸಿ, ಸೋಸಿ, ಒತ್ತಿ ಒಣಗಿಸಿದರೆ ಬಿಲ್ಲೆ ಸಿದ್ಧ.

ಆದರೆ ಈ ಬಿಲ್ಲೆ ನೀರಿನಲ್ಲಿ ಕರಗದು. ಕಸುಬಿನ ಮರ್ಮವಿರುವುದು ಇಲ್ಲಿಯೇ. ದಕ್ಷಿಣದ ಹಳೆಯ ಪದ್ಧತಿಯಲ್ಲಿ ಸುಣ್ಣದ ನೀರಿಗೆ ಬೇಯಿಸಿದ ತಗಚೆ ಬೀಜವನ್ನು ಸೇರಿಸಿ ಹುದುಗು ಬರಿಸುತ್ತಾರೆ. ಬೆಲ್ಲ ಹಾಕುವುದೂ ಉಂಟು. ಸೂಕ್ಷ್ಮಜೀವಿಗಳು ನೀಲಿಯನ್ನು ಅಪಕರ್ಷಿಸಿ ಕರಗುವ ರೂಪಕ್ಕೆ ತರುತ್ತವೆ. ಹದಕ್ಕೆ ಬಂದ ದ್ರಾವಣವು ಹಳದಿ ಮಿಶ್ರಿತ ಹಸಿರಾಗಿದ್ದು, ಮೇಲೆ ತಾಮ್ರದ ಹೊಳಪಿನ ಪೊರೆ ಕಟ್ಟುತ್ತದೆ. ಅದ್ದಿ ತೆಗೆದ ನೂಲು ಮೊದಲು ಹಸಿರಾಗಿ ಕಂಡು, ಗಾಳಿ ತಾಗಿದ ಕೆಲವೇ ನಿಮಿಷಗಳಲ್ಲಿ ನೀಲಿಯಾಗುತ್ತದೆ. ಸುಣ್ಣ ಮಿತಿಮೀರಿದರೆ ಹುದುಗು ನಿಲ್ಲುತ್ತದೆ, ತೀರ ಕಡಿಮೆಯಾದರೆ ದ್ರಾವಣ ಹುಳಿಯಾಗಿ ಕೊಳೆಯುತ್ತದೆ. ಅನುಭವಿ ಬಣ್ಣಗಾರರು ಇದನ್ನು ವಾಸನೆಯಿಂದಲೇ ಅರಿಯುತ್ತಾರೆ. ಈ ಅರಿವು ಪುಸ್ತಕದಿಂದ ಬರುವಂಥದ್ದಲ್ಲ. ಸತತವಾಗಿ ಅದ್ದಿದ ದ್ರಾವಣಕ್ಕೆ ಬಿಡುವೂ ಬೇಕು. ಹೀಗಿರುವಾಗ, ಕೈ ಪಳಗುವ ಮೊದಲೇ ದೊಡ್ಡ ಬೇಡಿಕೆಗೆ ದಿನಾಂಕ ಒಪ್ಪಿಕೊಳ್ಳುವುದು ನಷ್ಟಕ್ಕೆ ದಾರಿ.

ಗಾಢ ಬಣ್ಣವನ್ನು ಒಂದೇ ಮುಳುಗಿಗೆ ಬರಿಸುವ ಆತುರವೂ ಸಲ್ಲದು. ನೀಲಿಯು ನೂಲಿನೊಡನೆ ರಾಸಾಯನಿಕವಾಗಿ ಬೆಸೆಯದೆ ಎಳೆಯೊಳಗೆ ಸಿಕ್ಕಿಕೊಂಡು ನಿಲ್ಲುತ್ತದೆ. ತಿಳಿ ದ್ರಾವಣದಲ್ಲಿ ಹಲವು ಬಾರಿ ಅದ್ದಿ, ಪ್ರತಿಸಲವೂ ಗಾಳಿಗೆ ಹರಡಿದರೆ ಮಾತ್ರ ಉಜ್ಜಿದಾಗ ಬಿಡುವ ಬಣ್ಣ ಕಡಿಮೆಯಾಗುತ್ತದೆ. ಗ್ರಾಹಕರಿಂದ ಮರಳಿ ಬರುವ ಸರಕಿಗೆ ಬಹುಪಾಲು ಈ ಉದಾಸೀನವೇ ಕಾರಣವೆನ್ನಬಹುದು.

ಬಿಲ್ಲೆಯ ಖರೀದಿಯಲ್ಲಿ ತೂಕವೊಂದನ್ನೇ ನಂಬಲಾಗದು. ಬಿಲ್ಲೆಯಲ್ಲಿನ ಶುದ್ಧ ನೀಲಿಯ ಅಂಶ ಒಂದೊಂದು ಸರಕಿಗೂ ಬೇರೆಯಿರುತ್ತದೆ. ಮಣ್ಣು, ಸುಣ್ಣ, ಎಲೆಯ ಕಸವೂ ತೂಗುತ್ತವೆ. ಕೃತಕ ನೀಲಿಯ ಬೆರಕೆಯನ್ನು ಕಣ್ಣಿನಿಂದ ಗುರುತಿಸುವುದು ಕಷ್ಟ, ಏಕೆಂದರೆ ಎರಡರ ಮುಖ್ಯ ಅಣು ಒಂದೇ. ಪ್ರಯೋಗಾಲಯದ ವರದಿಯಂತೆ ಶುದ್ಧಾಂಶಕ್ಕೆ ದರ ಕಟ್ಟಿ, ಪ್ರತಿ ಸರಕಿನ ಮಾದರಿಯೊಂದನ್ನು ದಿನಾಂಕ ಸಹಿತ ತೆಗೆದಿರಿಸಿಕೊಳ್ಳುವುದು ಕ್ಷೇಮ.