ಎಲುಬಿನ ಅರ್ಬುದ: ರೋಗನಿರ್ಣಯದ ಕ್ರಮ

ಎಲುಬಿನಲ್ಲಿಯೇ ಹುಟ್ಟುವ ಅರ್ಬುದ, ಎಂದರೆ ಕ್ಯಾನ್ಸರ್, ಬಲು ವಿರಳ. ಅವುಗಳಲ್ಲೊಂದಾದ ಎವಿಂಗ್ ಸಾರ್ಕೋಮಾವನ್ನು 1921ರಲ್ಲಿ ಅಮೆರಿಕದ ವೈದ್ಯವಿಜ್ಞಾನಿ ಜೇಮ್ಸ್ ಎವಿಂಗ್ ವಿವರಿಸಿದರು. ಶಾಲೆಗೆ ಹೋಗುವ ವಯಸ್ಸಿನವರನ್ನೇ ಇದು ಹೆಚ್ಚಾಗಿ ಬಾಧಿಸುತ್ತದೆ.

ಕುಂದಾಪುರದ ಬಳಿಯ ಬೀಜಾಡಿಯಂತಹ ಊರುಗಳಲ್ಲಿ ಮಗುವಿಗೆ ಕಾಲುನೋವೆಂದರೆ ಆಟದ ಪೆಟ್ಟೆಂದು ಬಗೆದು ಎಣ್ಣೆ ತಿಕ್ಕುವುದುಂಟು. ಪೆಟ್ಟಿನ ನೋವು ದಿನಕಳೆದಂತೆ ಇಳಿಯುತ್ತದೆ. ಅರ್ಬುದದ ನೋವು ಬಿಟ್ಟುಬಿಟ್ಟು ಬಂದರೂ ಏರುತ್ತಲೇ ಹೋಗಿ ರಾತ್ರಿಯ ನಿದ್ರೆಯನ್ನು ಕೆಡಿಸುತ್ತದೆ, ಬಾವು ತೋರುತ್ತದೆ. ಕೆಲವೊಮ್ಮೆ ಜ್ವರವೂ ಸೇರಿ ಎಲುಬಿನ ಸೋಂಕೆಂಬ ಭ್ರಮೆಯನ್ನು ಹುಟ್ಟಿಸುತ್ತದೆ.

ಮೊದಲನೆಯ ಪರೀಕ್ಷೆ ಎಕ್ಸರೇ. ಅದರಲ್ಲಿ ಎಲುಬಿನ ಹೊರಮೈ ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಕಾಣಬಹುದು, ಸೋಂಕಿನಲ್ಲಿಯೂ ಹೀಗಾಗುವುದುಂಟು. ಗಡ್ಡೆಯ ವ್ಯಾಪ್ತಿಯನ್ನು ಎಂ.ಆರ್.ಐ. ತಿಳಿಸುತ್ತದೆ. ನಿರ್ಣಯವಾದರೋ ಬಯಾಪ್ಸಿಯಿಂದಲೇ. ಗಡ್ಡೆಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಚಿಕ್ಕ, ದುಂಡನೆಯ ಜೀವಕೋಶಗಳು ತೋರುತ್ತವೆ. ಇಂತಹವು ಬೇರೆ ಅರ್ಬುದಗಳಲ್ಲಿಯೂ ಇರುವುದರಿಂದ ವರ್ಣತಂತುಗಳನ್ನೂ ಪರೀಕ್ಷಿಸುತ್ತಾರೆ. ಬಹುಪಾಲು ರೋಗಿಗಳಲ್ಲಿ 11 ಮತ್ತು 22ನೆಯ ವರ್ಣತಂತುಗಳ ಭಾಗಗಳು ಅದಲುಬದಲಾಗಿರುತ್ತವೆ.

ತುಣುಕು ತೆಗೆದರೆ ರೋಗ ಹರಡೀತೆಂಬ ಅಂಜಿಕೆಯಿಂದ ಕಾಲ ಕಳೆಯಲಾಗದು. ಮುಂದೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯತಂಡವೇ ಅದನ್ನು ತೆಗೆಯುವುದು ಕ್ಷೇಮ. ಅದಕ್ಕೆ ಬೀಜಾಡಿಯವರಿಗೆ ಮಣಿಪಾಲವೇ ಸಮೀಪ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಿದೆ. ರೋಗ ಶ್ವಾಸಕೋಶಕ್ಕೆ ಹಬ್ಬುವ ಮುನ್ನ ಗುರುತಿಸಿದರೆ ಗುಣವಾಗುವ ಸಂಭವ ಹೆಚ್ಚು. ಆದುದರಿಂದ ವಾರಗಳು ಕಳೆದರೂ ಮಾಣದ ನೋವನ್ನು ಹೆತ್ತವರೂ ಉಪಾಧ್ಯಾಯರೂ ಉಪೇಕ್ಷಿಸತಕ್ಕದ್ದಲ್ಲ.