ಒಂದೇ ಪ್ರತಿ ಇದ್ದರೆ ಸಾಲದು

ಕಾಲೇಜಿಗೆ ಸೇರುವ ದಿನದಿಂದ ಅಂಕಪಟ್ಟಿ ಕೈಗೆ ಬರುವ ದಿನದವರೆಗೆ ಇಂದು ಕಂಪ್ಯೂಟರ್ ಇಲ್ಲದೆ ಯಾವ ಕೆಲಸವೂ ಆಗುವುದಿಲ್ಲ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ, ಸಿಇಟಿ ಮತ್ತು ನೀಟ್‌ಗೆ ಆನ್‌ಲೈನ್ ನೋಂದಣಿ, ಅದಕ್ಕೆ ಸ್ಕ್ಯಾನ್ ಮಾಡಿದ ಫೋಟೋ, ಸಹಿ, ಆದಾಯ ಪ್ರಮಾಣಪತ್ರ. ಉಪನ್ಯಾಸಕರ ಪ್ರಶ್ನೆಪತ್ರಿಕೆ, ಕಚೇರಿಯ ಶುಲ್ಕದ ಲೆಕ್ಕ, ನಿಮ್ಮ ಪ್ರಾಜೆಕ್ಟ್ ವರದಿ, ನೀವು ಓದುತ್ತಿರುವ ಈ ವಾರ್ತಾಪತ್ರದ ಪುಟಗಳು, ಎಲ್ಲವೂ ಯಾವುದೋ ಒಂದು ಕಂಪ್ಯೂಟರಿನಲ್ಲಿವೆ. ಹಿಂದೆ ಇವೆಲ್ಲ ಕಪಾಟಿನಲ್ಲಿ ಕಟ್ಟುಕಟ್ಟಾಗಿ ಇರುತ್ತಿದ್ದವು. ಗೆದ್ದಲು ತಿಂದರೂ ಒಂದಿಷ್ಟು ಹಾಳೆ ಉಳಿಯುತ್ತಿತ್ತು. ಹಾರ್ಡ್ ಡಿಸ್ಕ್ ಕೆಟ್ಟರೆ ಎಷ್ಟೋ ಸಲ ಅದೂ ಉಳಿಯುವುದಿಲ್ಲ.

ಪ್ರಾಜೆಕ್ಟ್ ಸಲ್ಲಿಸುವ ಹಿಂದಿನ ದಿನ ಪೆನ್‌ಡ್ರೈವ್ ಹಿಡಿದುಕೊಂಡು ಲ್ಯಾಬ್ ಬಾಗಿಲಲ್ಲಿ ನಿಲ್ಲುವವರು ಪ್ರತಿ ವರ್ಷ ಇಬ್ಬರು ಮೂವರಾದರೂ ಇರುತ್ತಾರೆ. "ಸರ್, ಫಾರ್ಮ್ಯಾಟ್ ಮಾಡಬೇಕಾ ಅಂತ ಕೇಳ್ತಾ ಇದೆ" ಎನ್ನುತ್ತಾರೆ. ಪ್ರಾಜೆಕ್ಟನ್ನು ರಾತ್ರಿಯಿಡೀ ಕುಳಿತು ಮತ್ತೆ ಟೈಪ್ ಮಾಡಬಹುದು. ಎಲ್ಲವನ್ನೂ ಹಾಗೆ ಮಾಡಲಾಗದು. ನಮ್ಮ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿ ಹಾಡುತ್ತಿದ್ದ ಬ್ಯಾರಿ ಮದುವೆ ಹಾಡುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದಳು. ಅಜ್ಜಿ ತೀರಿಕೊಂಡ ಕೆಲವೇ ತಿಂಗಳಲ್ಲಿ ಆ ಮೊಬೈಲ್ ನೀರಿಗೆ ಬಿತ್ತು. ರಿಪೇರಿಯವರು ಅದನ್ನು ಮತ್ತೆ ಚಾಲೂ ಮಾಡಲಾಗದೆ ಹಿಂದಿರುಗಿಸಿದರು. ಮನೆಯವರು ಹೊಸ ಮೊಬೈಲ್ ಕೊಡಿಸಿದರು. ಹಾಡುಗಳು ಮಾತ್ರ ಬರಲಿಲ್ಲ.

ದೊಡ್ಡ ಕಂಪನಿಗಳಿಗೆ ಹೀಗಾಗುವುದಿಲ್ಲ ಎಂದುಕೊಳ್ಳಬೇಡಿ. 'ಟಾಯ್ ಸ್ಟೋರಿ 2' ಎಂಬ ಅನಿಮೇಷನ್ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 1998ರಲ್ಲಿ ಅಮೆರಿಕದ ಪಿಕ್ಸರ್ ಸ್ಟುಡಿಯೋದಲ್ಲಿ ಅದು ತಯಾರಾಗುತ್ತಿದ್ದಾಗ ಯಾರೋ ಒಬ್ಬರು ಫೈಲ್‌ಗಳನ್ನು ಅಳಿಸುವ ಆದೇಶವನ್ನು ತಪ್ಪಾದ ಜಾಗದಲ್ಲಿ ಕೊಟ್ಟುಬಿಟ್ಟರು. ಪರದೆಯ ಮೇಲೆ ನೋಡುತ್ತಿದ್ದವರ ಕಣ್ಣೆದುರೇ ಪಾತ್ರಗಳ ಫೈಲ್‌ಗಳು ಒಂದೊಂದಾಗಿ ಮಾಯವಾದವು. ಗಾಬರಿಯಾಗಿ ಯಂತ್ರದ ವೈರನ್ನೇ ಕಿತ್ತುಹಾಕಿದರು. ಅಷ್ಟರಲ್ಲಿ ಚಿತ್ರದ ಸುಮಾರು ಶೇಕಡಾ 90 ಭಾಗ ಹೋಗಿತ್ತು. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಅದೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಅದು ಕೆಟ್ಟಿರುವುದೇ ಯಾರಿಗೂ ತಿಳಿದಿರಲಿಲ್ಲ, ಏಕೆಂದರೆ ಅದನ್ನು ಯಾರೂ ತೆರೆದು ನೋಡಿರಲಿಲ್ಲ.

ಚಿತ್ರವನ್ನು ಉಳಿಸಿದ್ದು ಒಂದು ಹಸುಗೂಸು ಎಂದರೂ ತಪ್ಪಲ್ಲ. ತಾಂತ್ರಿಕ ನಿರ್ದೇಶಕಿ ಗೇಲಿನ್ ಸುಸ್ಮನ್ ಹೆರಿಗೆಯ ನಂತರ ಮಗುವನ್ನು ನೋಡಿಕೊಳ್ಳುತ್ತ ಮನೆಯಿಂದಲೇ ಕೆಲಸ ಮಾಡಲು ಚಿತ್ರದ ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿ ಕೂರಿಸಿ, ಮೆಲ್ಲಗೆ ಸ್ಟುಡಿಯೋಕ್ಕೆ ತಂದರು. (ಅಷ್ಟೆಲ್ಲ ಮಾಡಿ ಉಳಿಸಿದ ಚಿತ್ರ ಚೆನ್ನಾಗಿಲ್ಲವೆಂದು ಅವರೇ ನಂತರ ಅದರ ಬಹುಭಾಗವನ್ನು ಹೊಸದಾಗಿ ಮಾಡಿದರು, ಆ ಮಾತು ಬೇರೆ.) ಅವರನ್ನು ಕಾಪಾಡಿದ ಪ್ರತಿ ಸ್ಟುಡಿಯೋದ ಹೊರಗೆ, ಬೇರೊಂದು ಯಂತ್ರದಲ್ಲಿ ಇತ್ತು.

ಹೀಗೆ ಬೇರೆ ಬೇರೆ ಕಡೆ ಇಡುವ ವಿವೇಕ ಕಂಪ್ಯೂಟರಿನೊಂದಿಗೆ ಬಂದದ್ದಲ್ಲ. ಯಮಾಮ ಯುದ್ಧದಲ್ಲಿ ಕುರ್‌ಆನ್ ಕಂಠಪಾಠವಿದ್ದ ಅನೇಕರು ಹುತಾತ್ಮರಾದಾಗ ಹಝ್ರತ್ ಉಮರ್ (ರ) ಅವರಿಗೆ ಆತಂಕವಾಯಿತು. ಅವರ ಸಲಹೆಯಂತೆ ಖಲೀಫ ಹಝ್ರತ್ ಅಬೂಬಕರ್ (ರ) ಆ ಕೆಲಸವನ್ನು ಝೈದ್ ಬಿನ್ ಸಾಬಿತ್ (ರ) ಅವರಿಗೆ ವಹಿಸಿದರು. ಅವರು ಬರಹದಲ್ಲಿದ್ದುದನ್ನೂ ಜನರ ನೆನಪಿನಲ್ಲಿದ್ದುದನ್ನೂ ಒಟ್ಟಿಗೆ ಪರಿಶೀಲಿಸಿ ಸಂಗ್ರಹಿಸಿದರು. ಮುಂದೆ ಹಝ್ರತ್ ಉಸ್ಮಾನ್ (ರ) ಅದರ ಪ್ರತಿಗಳನ್ನು ಮಾಡಿಸಿ ಬೇರೆ ಬೇರೆ ಪ್ರದೇಶಗಳಿಗೆ ಕಳುಹಿಸಿದರು. ಅಲ್ಲಾಹನ ಗ್ರಂಥವನ್ನು ನಮ್ಮ ಫೈಲ್‌ಗಳೊಂದಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ. 'ಹಾಫಿಝ್' ಎಂದರೆ ಕಾಪಾಡುವವನು ಎಂಬ ಅರ್ಥ ತಿಳಿದವರಿಗೆ ಈ ಎಚ್ಚರ ಹೊಸದೇನಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಕಂಪ್ಯೂಟರ್ ಬಳಸುವವರಲ್ಲಿ 3-2-1 ಎಂಬ ನಿಯಮವೊಂದಿದೆ. ಮುಖ್ಯ ಫೈಲ್ ಸೇರಿ ಒಟ್ಟು 3 ಪ್ರತಿ, 2 ಬಗೆಯ ಸಾಧನಗಳಲ್ಲಿ, ಅದರಲ್ಲಿ 1 ಬೇರೆ ಊರಲ್ಲೋ ಬೇರೆ ಕಟ್ಟಡದಲ್ಲೋ. ಲ್ಯಾಪ್‌ಟಾಪಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು, ಗೂಗಲ್ ಡ್ರೈವ್‌ನಲ್ಲಿ ಒಂದು ಇದ್ದರೆ ನಮ್ಮ ಮಟ್ಟಿಗೆ ಲೆಕ್ಕ ಸರಿಹೋಯಿತು. ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಪೆನ್‌ಡ್ರೈವನ್ನೂ ಇಟ್ಟು ಬಸ್ಸಿನಲ್ಲಿ ಬ್ಯಾಗ್ ಮರೆತರೆ ಎರಡೂ ಒಟ್ಟಿಗೆ ಹೋಗುತ್ತವೆ.

ಇಲ್ಲಿ ಹೆಚ್ಚಿನವರು ತಪ್ಪು ತಿಳಿಯುವುದು ಕ್ಲೌಡ್ ವಿಷಯದಲ್ಲಿ. ಮೊಬೈಲಿನ ಫೋಟೋಗಳು ಗೂಗಲ್ ಫೋಟೋಸ್‌ಗೆ ಹೋಗುತ್ತಿವೆ, ಇನ್ನೇನು ಭಯ ಎನ್ನುತ್ತಾರೆ. ಆದರೆ ಅದು ಎರಡು ಕಡೆಯನ್ನೂ ಒಂದೇ ರೀತಿ ಇಡುವ ವ್ಯವಸ್ಥೆ. ಆ ಆ್ಯಪ್‌ನಲ್ಲಿ ಒಂದು ಫೋಟೋ ಅಳಿಸಿದರೆ ಅಲ್ಲಿಂದಲೂ ಅಳಿಯುತ್ತದೆ. ಬ್ಯಾಕಪ್ ಆಗಿದ್ದ ಫೋಟೋ 60 ದಿನ ಕಸದ ಬುಟ್ಟಿಯಲ್ಲಿರುತ್ತದೆ, ಆಮೇಲೆ ಇಲ್ಲ. ಉಚಿತವಾಗಿ ಸಿಗುವ 15 ಜಿಬಿ ಜಾಗವನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಅದು ತುಂಬಿದ ಮೇಲೆ ಹೊಸ ಫೋಟೋ ಹೋಗುವುದಿಲ್ಲ, ಬಂದ ಸೂಚನೆಯನ್ನು ನಾವು ಓದದೆ ಪಕ್ಕಕ್ಕೆ ಸರಿಸಿರುತ್ತೇವೆ. 2 ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸುವ ಹಕ್ಕೂ ಗೂಗಲ್‌ಗಿದೆ. ಹತ್ತನೇ ತರಗತಿಯಲ್ಲಿ ಮಾಡಿದ ಖಾತೆಯ ಪಾಸ್‌ವರ್ಡ್ ಈಗ ಎಷ್ಟು ಜನರಿಗೆ ನೆನಪಿದೆ? ಇನ್ನು ಕ್ಲೌಡ್ ಎಂದರೆ ಆಕಾಶವಲ್ಲ, ಎಲ್ಲೋ ಇರುವ ಒಂದು ಕಟ್ಟಡ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಅಂಥ ಒಂದು ಕಟ್ಟಡ ಸುಟ್ಟುಹೋದಾಗ, ಬೇರೆಲ್ಲೂ ಪ್ರತಿ ಇಡದಿದ್ದ ಗ್ರಾಹಕರ ಮಾಹಿತಿಯೂ ಹೋಯಿತು.

ಬ್ಯಾಕಪ್ ಇರುವ ಹಾರ್ಡ್ ಡಿಸ್ಕನ್ನು ಸದಾ ಕಂಪ್ಯೂಟರಿಗೆ ಚುಚ್ಚಿಟ್ಟಿರಬೇಡಿ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದರೆ ಜೋಡಿಸಿರುವ ಡಿಸ್ಕಿಗೂ ಬೀಗ ಬೀಳುತ್ತದೆ. ಪ್ರತಿ ತೆಗೆದ ಮೇಲೆ ತಿಂಗಳಿಗೊಮ್ಮೆ ಅದರಲ್ಲಿನ ಒಂದೆರಡು ಫೈಲ್‌ಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಪಿಕ್ಸರ್‌ನವರು ಬಿಟ್ಟದ್ದು ಇದನ್ನೇ.

ಪೆನ್‌ಡ್ರೈವ್ ಈಗಾಗಲೇ ಕೈಕೊಟ್ಟಿದ್ದರೆ, ಫಾರ್ಮ್ಯಾಟ್ ಮಾಡಬೇಕೇ ಎಂಬ ಪ್ರಶ್ನೆಗೆ ಬೇಡವೆಂದೇ ಒತ್ತಿ. ಪೆನ್‌ಡ್ರೈವಿನಲ್ಲಿ ಫೈಲ್ ಅಳಿಸಿದಾಗ ಸಾಮಾನ್ಯವಾಗಿ ಹೋಗುವುದು ಅದರ ವಿಳಾಸ ಮಾತ್ರ, ಆ ಜಾಗದಲ್ಲಿ ಹೊಸದನ್ನು ಬರೆಯುವವರೆಗೆ ಹಳೆಯದು ಉಳಿದಿರುತ್ತದೆ. ಆದ್ದರಿಂದ ಅದಕ್ಕೆ ಬೇರೇನನ್ನೂ ಹಾಕದೆ ಲ್ಯಾಬಿಗೆ ತನ್ನಿ. ಸಿಗುತ್ತದೆ ಎಂದು ಮಾತು ಕೊಡಲಾರೆ, ಪ್ರಯತ್ನ ಮಾಡೋಣ. ಪ್ರಾಜೆಕ್ಟ್ ಸಲ್ಲಿಸುವ ಹಿಂದಿನ ದಿನಕ್ಕಿಂತ ಸ್ವಲ್ಪ ಮೊದಲೇ ಬಂದರೆ ಇನ್ನೂ ಒಳ್ಳೆಯದು.