ರಸಾಯನಶಾಸ್ತ್ರದ ಪದವಿ ವ್ಯಾಸಂಗ

ರಸಾಯನಶಾಸ್ತ್ರವು ಹೆಣ್ಣುಮಕ್ಕಳಿಗೆ ಕಠಿನವೆಂದು ಅಂಜುವ ತಂದೆತಾಯಂದಿರು ಅದರ ಪಾಠಕ್ರಮವನ್ನು ಮೊದಲು ಅರಿಯುವುದು ಲೇಸು.

ನಮ್ಮ ಜಿಲ್ಲೆಯ ಹಟ್ಟಿಯ ಚಿನ್ನವನ್ನೇ ನೋಡೋಣ. ಅಲ್ಲಿ ಅದುರನ್ನು ನುಣ್ಣಗೆ ಅರೆದು, ಸಯನೈಡಿನ ದುರ್ಬಲ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ಬೇರ್ಪಡಿಸುವರು. ಕಾಲೇಜಿಗೆ ಹೊಸದಾಗಿ ಸೇರಿದವಳು ಪರಮಾಣು, ಬಂಧ, ಮೋಲ್ ಎಂಬಿವುಗಳನ್ನು ಕಲಿತು, ಬ್ಯುರೆಟ್ಟು ಹಿಡಿದು ದ್ರಾವಣದ ಪ್ರಬಲತೆಯನ್ನು ಅಳೆಯುವಳು. ಬಳಿಕ ಕ್ರಿಯೆಯ ವೇಗವನ್ನೂ ಶಕ್ತಿಯ ಲೆಕ್ಕವನ್ನೂ ತಿಳಿದು, ಗಾಳಿಯ ಆಮ್ಲಜನಕವಿಲ್ಲದೆ ಆ ಚಿನ್ನವೇಕೆ ಕರಗದೆಂಬುದನ್ನು ಗ್ರಹಿಸುವಳು. ಕಡೆಯಲ್ಲಿ ಚಿನ್ನವೂ ಸಯನೈಡೂ ಕೂಡಿ ಆಗುವ ಸಂಕೀರ್ಣದ ರಚನೆಯು ಅವಳಿಗೆ ವಿಶದವಾಗುವುದು.

ಹೀಗೆ ಪ್ರತಿಯೊಂದು ಮೆಟ್ಟಿಲೂ ಹಿಂದಿನದನ್ನು ಆಧರಿಸಿದೆ. ಆದುದರಿಂದ ಮೊದಲ ವರ್ಷ ಮೋಲಿನ ಲೆಕ್ಕದಲ್ಲಿ ಎಡವಿದ ಮಗಳನ್ನು ಕಾಲೇಜು ಬಿಡಿಸಬಾರದು. ಆ ಲೆಕ್ಕವನ್ನೇ ಮತ್ತೆ ಮಾಡಿಸಬೇಕು.

ಮುಂದೆ ಕಮಲಾ ಸೊಹೊನಿ ಎಂದು ಪ್ರಸಿದ್ಧರಾದವರು 1933ರಲ್ಲಿ ಮುಂಬಯಿಯಲ್ಲಿ ಪದವಿ ಪಡೆದು ಬಂದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಹೆಣ್ಣೆಂಬ ಕಾರಣದಿಂದ ಮೊದಲು ನಿರಾಕರಿಸಿತು. ಅವರು ಛಲಹಿಡಿದು ಸೇರಿ, ದುಡಿದು, 1939ರಲ್ಲಿ ಕೇಂಬ್ರಿಜ್ಜಿನ ಡಾಕ್ಟರೇಟ್ ಪಡೆದರು.

ಪೂರ್ವವಿದ್ಯಾರ್ಥಿನಿಯರೇ, ನಿಮ್ಮ ಓಣಿಯಲ್ಲಿ ಹಾಗೆ ಎಡವಿದ ಹುಡುಗಿಯಿದ್ದರೆ, ವಾರಕ್ಕೊಂದು ಸಂಜೆ ಅವಳೊಡನೆ ಕುಳಿತು ಲೆಕ್ಕ ಮಾಡಿಸಿರಿ.